ಎಡಗೈಯ ಬೆಸುಗೆ

ಕೊನೆಯ ಸ್ಕ್ರೂ ಬಿಚ್ಚಿ ಆಂಪ್ಲಿಫೈಯರಿನ ತಗಡು ಮುಚ್ಚಳ ಎತ್ತಿದ ಮೀಟರಮ್ಮ, ಒಳಗೆ ಇಣುಕಿದವರೇ ಹಾಗೇ ನಿಂತುಬಿಟ್ಟರು.

“ಏನು, ನೀರು ಇಳಿದಿದೆ ತಾನೇ?” ಸಬ್ ಇನ್ಸ್‌ಪೆಕ್ಟರು ಹಿಂದಿನಿಂದ ಕತ್ತು ಚಾಚಿದರು. “ಇದರ ಮೇಲೆ ಹೂದಾನಿ ಇಟ್ಟಿದ್ರು. ನಾನು ಅವತ್ತೇ ಹೇಳಿದ್ದೆ.”

“ನೀವು ಹೇಳಿದ್ದು ನಿಜ. ಪಾಪ, ನೀರಿಗೆ ಕೇಳಿಸಿಲ್ಲ ಅಷ್ಟೆ. ನೋಡಿ, ಒಂದು ಹನಿ ಕಲೆಯೂ ಇಲ್ಲ.”

ಹಲ್ಲಿನ ಡಾಕ್ಟರು ಈ ಪೆಟ್ಟಿಗೆ ಮುಟ್ಟಿ ಸತ್ತು ಮೂರು ದಿನವಾಗಿತ್ತು. ಅದನ್ನು ರಿಪೇರಿ ಮಾಡಿಕೊಟ್ಟವನು ಮೀಟರಮ್ಮನ ಒಬ್ಬನೇ ತಮ್ಮ, ನಿನ್ನೆಯಿಂದ ಇದೇ ಠಾಣೆಯ ಪಕ್ಕದ ಕೋಣೆಯ ಬೆಂಚಿನ ಮೇಲೆ ಕೂತಿದ್ದ.

ಮೀಟರಮ್ಮ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರೇನಲ್ಲ. ವಿದ್ಯುತ್ ಇಲಾಖೆಯಲ್ಲಿ ಮೂವತ್ತು ವರ್ಷ, ಕರೆಂಟು ಹೊಡೆದು ಸತ್ತವರ ಮನೆಗೆಲ್ಲ ಹೋಗಿ ಯಾಕೆ ಸತ್ತರು ಅಂತ ಬರೆದುಕೊಟ್ಟ ಹೆಂಗಸು. ನಿವೃತ್ತಿಯಾದರೂ ಕೈಚೀಲದಲ್ಲಿ ಕನ್ನಡಕ ಇರದಿದ್ದೀತು, ಕರೆಂಟು ಅಳೆಯುವ ಮೀಟರು ಇರಲೇಬೇಕು. ಠಾಣೆಯವರಿಗೆ ವೈರಿನ ಗಂಟು ಬಿಚ್ಚಲಾಗದಿದ್ದಾಗ ಈಗಲೂ ಇವರಿಗೇ ಫೋನು. ಈ ಸಲ ಮಾತ್ರ ಯಾರೂ ಫೋನು ಮಾಡಿರಲಿಲ್ಲ. ತಾವೇ ಬಂದು, ಹಳೇ ಪರಿಚಯವನ್ನೆಲ್ಲ ಮುಂದೆ ಮಾಡಿ, ಒಂದು ದಿನ ಕೇಳಿಕೊಂಡಿದ್ದರು.

“ಒಂದು ದಿನ ಅಂದ್ರೆ ಇವತ್ತು ಸಂಜೆ ಆರರ ತನಕ,” ಎಂದು ಸಬ್ ಇನ್ಸ್‌ಪೆಕ್ಟರು ನೆನಪಿಸಿದರು. “ಆಮೇಲೆ ನಿರ್ಲಕ್ಷ್ಯದಿಂದ ಸಾವು ಅಂತ ನಿಮ್ಮ ತಮ್ಮನ ಮೇಲೆ ಕೇಸು ಬರೀಲೇಬೇಕು. ನಾಳೆ ಕೋರ್ಟಿಗೆ. ನನ್ನ ಮೇಲೂ ಒತ್ತಡ ಇದೆ ಕಣಮ್ಮ.”

“ನಿಮ್ಮ ಮೇಲೆ ಒತ್ತಡ ಯಾವಾಗ ಇರಲಿಲ್ಲ? ಸ್ವಲ್ಪ ಬೆಳಕು ಬಿಡಿ ಈ ಕಡೆ.”

ಸಬ್ ಇನ್ಸ್‌ಪೆಕ್ಟರು ಕಿಟಕಿ ಬಿಟ್ಟು ಸರಿದರು. ಮಧ್ಯಾಹ್ನದ ಬಿಸಿಲು ಪೆಟ್ಟಿಗೆಯ ಹೊಟ್ಟೆಯೊಳಗೆ ಬಿತ್ತು.

ಅಲ್ಲಿ, ಕರೆಂಟು ಒಳಬರುವ ಮೂಲೆಯಲ್ಲಿ, ಬೆರಳುದ್ದದ ಒಂದು ಕಂದು ಕೊಳವೆ. ಗುಂಯ್ ಅನ್ನುವ ಸದ್ದು ತಡೆಯಲು ಹಾಕುತ್ತಿದ್ದ ಹಳೇ ಕಾಲದ ಕೆಪಾಸಿಟರ್. ಅದರ ಒಂದು ಕಾಲು ಕರೆಂಟಿನ ತಂತಿಗೆ, ಇನ್ನೊಂದು ಕಾಲು ನೇರ ಪೆಟ್ಟಿಗೆಯ ತಗಡಿಗೆ. ಮೇಣ ಕರಗಿ ಒಂದು ಬದಿಗೆ ಇಳಿದಿತ್ತು. ಮೀಟರಮ್ಮ ಮೀಟರಿನ ಎರಡು ಕಡ್ಡಿ ಹಚ್ಚಿದರು. ಮೀಟರು ಕೀಂ ಎಂದು ಒಂದೇ ಸಮನೆ ಕೂಗಿತು.

“ಇದು ಸತ್ತುಹೋಗಿದೆ. ಒಳಗೊಳಗೇ ಕೂಡಿಕೊಂಡುಬಿಟ್ಟಿದೆ. ಅಂದ್ರೆ ಕರೆಂಟು ಸೀದಾ ಈ ತಗಡಿಗೆ. ಡಾಕ್ಟರು ಬರಿಗಾಲಲ್ಲಿ ಇದ್ರು, ನೆಲ ಆಗಷ್ಟೇ ಒರೆಸಿತ್ತು. ಕೈ ಇಟ್ರು, ಮುಗೀತು.”

“ಅಂದ್ರೆ ನಿಮ್ಮ ತಮ್ಮನ ತಪ್ಪೇ ಆಯ್ತಲ್ಲ?”

“ತಾಳಿ. ಇಷ್ಟೇ ಆಗಿದ್ರೆ ಫ್ಯೂಸ್ ಹಾರಿ ಪೆಟ್ಟಿಗೆ ತೆಪ್ಪಗಾಗಬೇಕಿತ್ತು. ಅದಕ್ಕೇ ಭೂಮಿಗೆ ಅಂತ ಒಂದು ಹಸಿರು ತಂತಿ ಇರೋದು.” ಅವರು ಪ್ಲಗ್ಗನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಮೂರು ತಂತಿಯಲ್ಲಿ ಎರಡು ಮಾತ್ರ ತಿರುಪಿನೊಳಗಿದ್ದವು. ಹಸಿರು ತಂತಿಯನ್ನು ಯಾರೋ ಹೊರಗೆಳೆದು, ಮಡಚಿ, ಮೇಲೆ ಟೇಪು ಸುತ್ತಿ ಒಳಗೇ ಮಲಗಿಸಿದ್ದರು. ಹೊರಗಿನಿಂದ ನೋಡಿದರೆ ಯಾರಪ್ಪನಿಗೂ ಗೊತ್ತಾಗುವಂತಿರಲಿಲ್ಲ.

“ಎರಡು ತಪ್ಪು,” ಎಂದರು ಮೀಟರಮ್ಮ. “ಒಂದೊಂದೇ ಆಗಿದ್ರೆ ಯಾರೂ ಸಾಯ್ತಿರಲಿಲ್ಲ.”

ಮೂರನೆಯ ಸಂಗತಿಯನ್ನು ಅವರು ಹೇಳಲಿಲ್ಲ. 

ತಮ್ಮನದೊಂದು ಪದ್ಧತಿಯಿತ್ತು. ಯಾವ ಪೆಟ್ಟಿಗೆಯಿಂದ ಏನೇ ಹಳೇ ಸಾಮಾನು ಕಿತ್ತರೂ ಅದನ್ನೊಂದು ಕಾಗದದ ಲಕೋಟೆಗೆ ಹಾಕಿ, ಮೇಲೆ ಬರೆದು, ಗಿರಾಕಿಗೇ ವಾಪಸು ಕೊಡುತ್ತಿದ್ದ. ಬದಲಾಯಿಸಿದ್ದೇನೆ ಅಂತ ಬಾಯಲ್ಲಷ್ಟೇ ಹೇಳಿ ಮೋಸ ಮಾಡಿದ ಅನ್ನಿಸಿಕೊಳ್ಳಬಾರದಂತೆ. ಡಾಕ್ಟರ ಮೇಜಿನ ಖಾನೆಯಲ್ಲಿ ಸಿಕ್ಕ ಲಕೋಟೆ ಈಗ ಇಲ್ಲೇ ಸಾಕ್ಷಿಯ ಚೀಲದಲ್ಲಿತ್ತು. “ಹಳೇ ಕೆಪಾಸಿಟರ್ ಒಂದು. ಅಪಾಯ. ಮತ್ತೆ ಹಾಕಬಾರದು.” ತಮ್ಮನದೇ ದುಂಡಕ್ಷರ. ಲಕೋಟೆ ಖಾಲಿ.

ಅಂದರೆ ತಮ್ಮ ಕಿತ್ತದ್ದನ್ನು ಇನ್ಯಾರೋ ಮತ್ತೆ ಹಾಕಿದ್ದಾರೆ. ಯಾರು?

ಮೀಟರಮ್ಮ ಬೆಸುಗೆಯನ್ನೇ ಮತ್ತೊಮ್ಮೆ ಬಗ್ಗಿ ನೋಡಿದರು. ಬೆಸುಗೆ ಹಾಕುವ ಮೊದಲು ತಂತಿಯನ್ನು ಕಂಬಿಗೆ ಒಂದೂವರೆ ಸುತ್ತು ಸುತ್ತಬೇಕು ಅಂತ, ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಅವರಪ್ಪ ಮನೆಯವರಿಗೆಲ್ಲ ಕಿವಿ ಹಿಂಡಿ ಕಲಿಸಿದ್ದ. ಹಾಗೆ ಸುತ್ತುವವರು ಈಗ ಯಾರಿದ್ದಾರೆ? ಈ ಕೆಪಾಸಿಟರಿನ ಕಾಲು ಅಚ್ಚುಕಟ್ಟಾಗಿ ಒಂದೂವರೆ ಸುತ್ತು ಸುತ್ತಿತ್ತು. ಆದರೆ ಉಲ್ಟಾ. ಬಲಗೈಯವನು ಸುತ್ತುವ ಕಡೆಯಿಂದಲ್ಲ, ಎಡಗೈಯವರು ಸುತ್ತುವ ಕಡೆಯಿಂದ.

ಅಪ್ಪನ ಅಂಗಡಿಯಲ್ಲಿ ಕೆಲಸ ಕಲಿತ ಎಡಗೈ ಇಡೀ ಊರಿಗೆ ಒಂದೇ ಒಂದು. ತಮ್ಮನ ಹೆಂಡತಿಯದು.

ಪಕ್ಕದ ಕೋಣೆಗೆ ಹೋದರು. ಎರಡು ದಿನದ ಗಡ್ಡ, ಸೊಟ್ಟಗೆ ಹಾಕಿದ ಗುಂಡಿ. ತಮ್ಮ ತಲೆ ಎತ್ತಲಿಲ್ಲ.

“ಪೆಟ್ಟಿಗೆ ನೋಡಿದೆ,” ಎಂದರು.

“ನಾನೂ ನೋಡಿದೆ. ನಿನ್ನೆ ಪೇದೆಯೊಬ್ಬ ಮುಚ್ಚಳ ಬಿಚ್ಚಿ ತೋರಿಸಿ ಮತ್ತೆ ಮುಚ್ಚಿದ.”

“ಮತ್ತೆ ಯಾಕೋ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀಯ?”

ಅವನು ಉಗುರಿನ ಸಂದಿಯ ಕರಿಯನ್ನು ಇನ್ನೊಂದು ಉಗುರಿನಿಂದ ಕೆರೆದ. “ಅಕ್ಕಾ, ನನ್ನದೇ ಕೆಲಸ ಅಂತ ಬರೆದುಬಿಡು. ಮರೆತು ಹಾಕಿದೆ ಅಂತ. ಮಕ್ಕಳಿಗೆ ಅವಳು ಬೇಕು.”

“ಮಕ್ಕಳಿಗೆ ನೀನು ಬೇಡವೇನೋ, ದಡ್ಡ?” ಮೀಟರಮ್ಮನಿಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟೂ ಬಂತು, ಅಪ್ಪಿಕೊಳ್ಳುವಷ್ಟು ಅಳುವೂ ಬಂತು. ಎರಡನ್ನೂ ಮಾಡದೆ ಹೊರಟರು. ಹಸಿರು ತಂತಿಯ ಪಾಪ ಯಾರದ್ದೋ, ಬೆಸುಗೆಯ ಪಾಪವೂ ಅವರದ್ದೇ ಆಗಿರಲಿ ಅಂತ ದಾರಿಯುದ್ದಕ್ಕೂ ಬೇಡಿಕೊಂಡರು. ಊರಲ್ಲಿ ಇನ್ನೊಬ್ಬ ಎಡಗೈಯವನು ಇರಬಾರದೇ? ಇರಲೇಬೇಕು.

ಡಾಕ್ಟರ ಪೆಟ್ಟಿಗೆಗೆ ಕೈ ಹಾಕುವ ಸಲಿಗೆ ಇದ್ದದ್ದು ಅವರ ಜೀವದ ಗೆಳೆಯನಿಗೆ ಮಾತ್ರ, ಮೀಟರಮ್ಮ ಅವರ ಮನೆಗೇ ಹೋದರು. ಆ ಗೆಳೆಯನಿಗೆ ಊರವರು ಕಿವಿ ಸಾಹೇಬರು ಅಂತ ಹೆಸರಿಟ್ಟಿದ್ದರು. ಮನೆ ನಕ್ಷೆ ಬರೆಯುವುದು ಕಸುಬು. ಹಾಡು ಕೇಳುವುದು ಹುಚ್ಚು. ಅವರು ಗ್ರಾಮಾಫೋನು ತಟ್ಟೆ ಹಾಕಿದರೆಂದರೆ ಮನೆಯಲ್ಲಿ ಫ್ಯಾನು ತಿರುಗುವಂತಿಲ್ಲ, ಫ್ರಿಜ್ಜು ಗುರುಗುಟ್ಟುವಂತಿಲ್ಲ, ಹೆಂಡತಿ ಸೀನುವಂತಿಲ್ಲ. ಹೆಂಡತಿ ಎರಡು ವರ್ಷದಿಂದ ಮಗಳ ಮನೆಯಲ್ಲಿದ್ದಾರೆ. ಸೀನಲಿಕ್ಕೆ ಹೋಗಿದ್ದಾರೆ ಅಂತ ಡಾಕ್ಟರು ತಮಾಷೆ ಮಾಡುತ್ತಿದ್ದರಂತೆ.

“ಚಪ್ಪಲಿ ಅಲ್ಲೇ ಬಿಡಿ, ಸದ್ದಾಗುತ್ತೆ,” ಎಂದರು ಕಿವಿ ಸಾಹೇಬರು, ಯಾವ ಹಾಡೂ ಹಾಕಿರದಿದ್ದರೂ.

ಬೀರುವಿನಷ್ಟೆತ್ತರದ ಎರಡು ಸ್ಪೀಕರು. ನಡುವೆ ಗೋಡೆಗೆ ಉದ್ದ ಹಲಗೆ. ಕೋಣೆಯ ಮಧ್ಯೆ ಒಂದೇ ಒಂದು ಕುರ್ಚಿ, ಅದರ ನಾಲ್ಕು ಕಾಲಿಗೂ ನೆಲದ ಮೇಲೆ ಸುಣ್ಣದ ಗುರುತು. ಕೂತ್ಕೊಳ್ಳಿ ಅನ್ನಲಿಲ್ಲ. ಆ ಕುರ್ಚಿ ಬಂದವರು ಕೂರಲಿಕ್ಕಲ್ಲ.

ಮೀಟರಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ. “ಡಾಕ್ಟರ ಪ್ಲಗ್ಗಿನ ಹಸಿರು ತಂತಿ ತೆಗೆದದ್ದು ಯಾರು?”

“ನಾನು.”

ಇಷ್ಟು ಸಲೀಸಾಗಿ ಬರುತ್ತದೆಂದು ಅವರು ಎಣಿಸಿರಲಿಲ್ಲ.

“ಪಾಪ, ರಿಪೇರಿಯಿಂದ ಬಂದಾಗಿನಿಂದ ಗುಂಯ್ ಅಂತಿತ್ತು,” ಕಿವಿ ಸಾಹೇಬರು ಮಗುವಿನ ಜ್ವರದ ಸುದ್ದಿ ಹೇಳುವಂತೆ ಹೇಳಿದರು. “ಹಾಡಿನ ಹಿಂದೆ ಒಂದು ಜೇನುನೊಣ. ಆ ತಂತಿ ಬಿಡಿಸಿದೆ, ಹೋಯ್ತು. ಇಲ್ಲೂ ಅಷ್ಟೆ, ನೋಡಿ ಬೇಕಾದ್ರೆ. ನಲವತ್ತು ವರ್ಷದಿಂದ ಈ ಕೋಣೆಯಲ್ಲಿ ಒಂದು ಪ್ಲಗ್ಗಿಗೂ ಹಸಿರು ತಂತಿ ಇಲ್ಲ. ನಿಜವಾಗಿ ಹಾಡು ಕೇಳೋರು ಯಾರೂ ಇಟ್ಟುಕೊಳ್ಳಲ್ಲ.”

“ನಿಜವಾಗಿ ಬದುಕಬೇಕು ಅನ್ನೋರು ಇಟ್ಟುಕೊಳ್ತಾರೆ!” ಮೀಟರಮ್ಮನ ದನಿ ಏರಿತು. “ಗುಂಯ್ ಅನ್ನೋದನ್ನು ಹೋಗಿಸೋಕೆ ನೂರು ದಾರಿ ಇದೆ. ಎಲ್ಲ ಪೆಟ್ಟಿಗೇನೂ ಒಂದೇ ಬೋರ್ಡಿಗೆ ಚುಚ್ಚಿ, ಸ್ಪೀಕರಿನ ವೈರು ಕರೆಂಟಿನ ವೈರಿನಿಂದ ದೂರ ಎಳೀರಿ. ಆ ಹಸಿರು ತಂತಿ ಕಿವಿಗಲ್ಲ ಸಾಹೇಬ್ರೇ, ಜೀವಕ್ಕೆ.”

“ನನಗೆ ನಲವತ್ತು ವರ್ಷದಲ್ಲಿ ಏನೂ ಆಗಿಲ್ವಲ್ಲ?”

“ನಿಮ್ಮ ಗೆಳೆಯರಿಗೂ ನಲವತ್ತು ವರ್ಷ ಏನೂ ಆಗಿರಲಿಲ್ಲ.”

ಕಿವಿ ಸಾಹೇಬರ ಮುಖ ಕಪ್ಪಿಟ್ಟಿತು. ಆದರೂ ಮೀಟರಮ್ಮ ಬಿಡಲಿಲ್ಲ. ಅವರಿಗೆ ಬೇಕಾದದ್ದು ಇನ್ನೊಂದು. “ಆ ಹಳೇ ಕೆಪಾಸಿಟರ್ ಮತ್ತೆ ಹಾಕಿದ್ದೂ ನೀವೇನಾ?”

“ಹಾಕಬೇಕು ಅಂದಿದ್ದು ನಾನೇ. ನಿಮ್ಮ ತಮ್ಮ ಅದನ್ನು ಕಿತ್ತು ಪೆಟ್ಟಿಗೆಯ ಕಂಠವನ್ನೇ ಕಿತ್ತುಬಿಟ್ಟಿದ್ದ. ಮೂಲ ಸಾಮಾನಿಗೆ ಮೂಲ ದನಿ ಅಮ್ಮ. ಡಾಕ್ಟರು ಲಕೋಟೆ ತಗೊಂಡು ವಾಪಸ್ ಅಂಗಡಿಗೆ ಹೋದ್ರು.”

“ಬೆಸುಗೆ ಹಾಕಿದ್ದು ಯಾರು? ನೀವು ಮನೆಯಲ್ಲೇ ಹಾಕಲಿಲ್ವಾ?” ಕೇಳಿ ಮೀಟರಮ್ಮ ಮನಸ್ಸಿನಲ್ಲೇ ಬೇಡಿಕೊಂಡರು: ಹೌದು ಅನ್ನಪ್ಪ, ಹೌದು ಅನ್ನು.

“ನಾನಾ? ನನಗೆ ಬೆಸುಗೆ ಕಡ್ಡಿಯ ಯಾವ ತುದಿ ಹಿಡೀಬೇಕು ಅಂತಲೇ ಗೊತ್ತಿಲ್ಲ. ಅಂಗಡಿಯಲ್ಲೇ ಹಾಕಿಕೊಟ್ರು.” ಹೇಳುತ್ತಲೇ ಅವರು ಮೇಜಿನ ಮೇಲಿದ್ದ ನಕ್ಷೆಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಬಲಗೈಯಲ್ಲಿ.

ಅಲ್ಲಿಗೆ ಅದೂ ಮುಗಿಯಿತು.

“ನಾನೇ ಅವನನ್ನು ಕೊಂದೆ ಅಂತ ಬರೀತೀರಾ?” ಇದ್ದಕ್ಕಿದ್ದಂತೆ ಕಿವಿ ಸಾಹೇಬರು ಪೆನ್ಸಿಲು ಎಸೆದರು. “ನಮ್ಮಿಬ್ಬರದೂ ಅವಳಿ ಪೆಟ್ಟಿಗೆ, ಕೆಲಸಕ್ಕೆ ಸೇರಿದ ವರ್ಷ ಒಂದೇ ದಿನ ತಂದದ್ದು. ನನ್ನದೂ ನಿಮ್ಮ ತಮ್ಮನ ಅಂಗಡಿಯಲ್ಲೇ ಬಿದ್ದಿದೆ. ಸಂಜೆ ನಾಲ್ಕು ಜನ ಸೇರಿ ಅವನ ಇಷ್ಟದ ತಟ್ಟೆ ಹಾಕಿ ಅಳೋಣ ಅಂತಿದ್ರೆ, ನೀವು ಬಂದು ಕೊಲೆಗಾರ ಅಂತೀರಾ? ನಡೀರಿ, ನಡೀರಿ ಹೊರಗೆ!”

ಆ ಮಾತೆಲ್ಲ ಮೀಟರಮ್ಮನ ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ. “ಹಸಿರು ತಂತಿ ಕೂಡಿಸದೆ ಯಾವುದಕ್ಕೂ ಸ್ವಿಚ್ ಹಾಕಬೇಡಿ,” ಎಂದು ಬಾಗಿಲಲ್ಲಿ ನಿಂತು ಎರಡು ಸಲ ಹೇಳಿದರು. ಬಾಗಿಲು ಮುಖದ ಮೇಲೇ ಮುಚ್ಚಿತು.

ಮನೆಗೆ ಹೋಗಿ ವರದಿ ಬರೆದುಕೊಂಡು ತಮ್ಮನ ಅಂಗಡಿ ತಲುಪಿದಾಗ ಐದು ಗಂಟೆ ದಾಟಿತ್ತು. ಮುಂಬಾಗಿಲ ತಗಡು ಅರ್ಧ ಎಳೆದಿತ್ತು. ಒಳಗೆ ಬಿಚ್ಚಿಟ್ಟ ರೇಡಿಯೋಗಳು, ಗೋಡೆಗೆ ನೇತುಹಾಕಿದ ವೈರಿನ ಸುರುಳಿಗಳು, ಸಾಲಾಗಿ ಜೋಡಿಸಿದ ಲಕೋಟೆಗಳು. ತಮ್ಮನ ಹೆಂಡತಿ ಗಂಡನ ಸ್ಟೂಲಿನ ಮೇಲೆ ಕೂತಿದ್ದಳು. ಎರಡು ದಿನದಿಂದ ಸರಿಯಾಗಿ ಉಂಡಿಲ್ಲ ಅನ್ನುವುದು ನೋಡಿದರೇ ಗೊತ್ತಾಗುತ್ತಿತ್ತು.

“ಬಿಡ್ತಾರಂತಾ ಅಕ್ಕಾ?” ಎಂದು ಎದ್ದಳು.

ಮದುವೆಯಾಗಿ ಬಂದಾಗ ಹತ್ತೊಂಬತ್ತು ವರ್ಷದವಳು. ಎಡಗೈಯಲ್ಲಿ ಬೆಸುಗೆ ಹಾಕುವುದನ್ನು ನೋಡಿ ಅಪ್ಪ ಮೊದಲು ಗೊಣಗಿ, ಆಮೇಲೆ ಬಂದವರಿಗೆಲ್ಲ ಕರೆದು ತೋರಿಸುತ್ತಿದ್ದ. ಮೀಟರಮ್ಮನ ಸೊಂಟ ಮುರಿದಾಗ ನಾಲ್ಕು ತಿಂಗಳು ಹೇಲು ಉಚ್ಚೆ ಬಾಚಿದವಳು ಇವಳೇ. ಏನಂತ ಕೇಳುವುದು?

ಆದರೂ ಕೇಳಿದರು.

“ಡಾಕ್ಟರ ಪೆಟ್ಟಿಗೆಗೆ ಹಳೇ ಕೆಪಾಸಿಟರ್ ಹಾಕಿಕೊಟ್ಟದ್ದು ನೀನಾ?”

ಅವಳು ಕಣ್ಣು ತಪ್ಪಿಸಲಿಲ್ಲ. “ಹೂಂ ಅಕ್ಕಾ. ಯಾಕೆ?”

 ಇವಳಿಗೆ ಗೊತ್ತೇ ಇಲ್ಲ.

“ನಮ್ಮವರು ಆ ದೊಡ್ಡ ಸಭಾಂಗಣದ ಕೆಲಸಕ್ಕೆ ಅಂತ ಬೇರೆ ಊರಿಗೆ ಹೋಗಿದ್ರಲ್ಲ, ಮೂರು ದಿನ, ಆಗ ಡಾಕ್ಟರು ಬಂದಿದ್ರು,” ಎಂದಳು. “ದನಿ ಹೋಯ್ತು, ನನ್ನ ಹಳೇ ದನಿ ವಾಪಸ್ ಕೊಡಮ್ಮ ಅಂತ ಡಾಕ್ಟರು ಕಣ್ಣಲ್ಲಿ ನೀರು ಹಾಕ್ಕೊಂಡ್ರು. ವಯಸ್ಸಾದವರು. ಹತ್ತು ನಿಮಿಷದ ಕೆಲಸ. ಅವರದೇ ಸಾಮಾನು ಅವರಿಗೆ ಹಾಕಿಕೊಟ್ರೆ ಏನು ಮಹಾ ಅಂತ...”

“ಲಕೋಟೆ ಮೇಲೆ ಬರೆದಿತ್ತಲ್ಲೇ?”

“ಲಕೋಟೆ ನನ್ನ ಕೈಗೆ ಕೊಡಲಿಲ್ಲ. ಕೆಪಾಸಿಟರ್ ಅಷ್ಟೇ ತೆಗೆದು ಮೇಜಿನ ಮೇಲಿಟ್ರು.”

ಇಷ್ಟು ಹೇಳಿ ನಿಲ್ಲಿಸಿದಳು. ಮೀಟರಮ್ಮನ ಮುಖದಲ್ಲಿ ಏನನ್ನೋ ಓದಿದಳು. 

“ಅದರಿಂದಾನಾ ಅಕ್ಕಾ?”

ಮೀಟರಮ್ಮ ಹೌದೆಂದು ತಲೆಯಾಡಿಸಿದರು. ಕೈಚೀಲದಲ್ಲಿ ಬರೆದಿಟ್ಟ ವರದಿಯಿತ್ತು. ಎಲ್ಲ ತುಂಬಿತ್ತು, ಒಂದು ಸಾಲು ಬಿಟ್ಟು: ಸದರಿ ಕೆಪಾಸಿಟರನ್ನು ಮರಳಿ ಜೋಡಿಸಿದವರು. ಆ ಸಾಲಿನಲ್ಲಿ ತಮ್ಮನ ಹೆಸರು ಬರೆದರೆ ಸುಳ್ಳು, ಅವನು ಜೈಲಿಗೆ. ಇವಳ ಹೆಸರು ಬರೆದರೆ ನಿಜ, ಇವಳು ಜೈಲಿಗೆ. ಮೂವತ್ತು ವರ್ಷದಲ್ಲಿ ಒಂದೇ ಒಂದು ಸುಳ್ಳು ಸಾಲು ಬರೆಯದ ಕೈ ಈಗ ಚೀಲದ ಬಾಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.

“ಅವರಿಗೆ ಗೊತ್ತಾ?” ಎಂದಳು.

“ಗೊತ್ತು. ಬೆಸುಗೆ ನೋಡಿದ ತಕ್ಷಣ ಗೊತ್ತಾಗಿದೆ ಅವನಿಗೆ.”

“ಅದಕ್ಕೇ ಸುಮ್ಮನೆ ಕೂತಿದ್ದಾರಾ? ಅಯ್ಯೋ ದೇವರೇ! ನಾನೇನು ಚಿಕ್ಕ ಮಗುವಾ, ಮುಚ್ಚಿಟ್ಟು ಕಾಪಾಡೋಕೆ?” ಅಳುತ್ತಾಳೆ ಅಂದುಕೊಂಡರೆ ಅವಳು ಸಿಡಿದೆದ್ದಳು. “ಕೊಡಿ ಅಕ್ಕಾ ಆ ಕಾಗದ. ನಾನೇ ಬರೀತೀನಿ.”

“ಸುಮ್ಮನಿರೇ. ಯೋಚನೆ ಮಾಡೋಣ.”

“ಏನು ಯೋಚನೆ? ಆರು ಗಂಟೆಗೆ ಅವರನ್ನು ಒಳಗೆ ಹಾಕ್ತಾರೆ.” ಚೀಲಕ್ಕೆ ಕೈ ಹಾಕಿ ಕಾಗದ ಎಳೆದುಕೊಂಡೇಬಿಟ್ಟಳು. ಮೇಜಿನ ಮೇಲೆ ಹರಡಿ, ಎಡಗೈಯಲ್ಲಿ ಪೆನ್ನು ಹಿಡಿದು, ಖಾಲಿ ಸಾಲಿನಲ್ಲಿ ತನ್ನ ಹೆಸರು ಬರೆದಳು. ಗಂಡನ ಹೆಸರು, ಅಂಗಡಿಯ ವಿಳಾಸ, ಎಲ್ಲ ಬರೆದಳು.  ಮೀಟರಮ್ಮ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು. ಇಂಥವಳನ್ನು ತಮ್ಮ ಯಾಕೆ ಬಿಟ್ಟುಕೊಡಲಿಲ್ಲ ಅನ್ನುವುದು ಅವರಿಗೂ ಅರ್ಥವಾಗಿತ್ತು.

ಬರೆದವಳು ತಟ್ಟನೆ ಪೆನ್ನು ನಿಲ್ಲಿಸಿದಳು.

“ಅಕ್ಕಾ, ಆ ಕೆಪಾಸಿಟರ್ ಹಾಕಿದ ಪೆಟ್ಟಿಗೆಯೆಲ್ಲ ಹಾಗೇ ಆಗುತ್ತಾ?”

“ಎಲ್ಲ ಅಂದ್ರೆ?”

“ಅವತ್ತು ಡಾಕ್ಟರ ಜೊತೆ ಅವರ ಗೆಳೆಯರೂ ಬಂದಿದ್ರು. ಅವರದೂ ಅದೇ ಪೆಟ್ಟಿಗೆ. ಇನ್ನೊಂದು ಹಳೇ ಕೆಪಾಸಿಟರ್ ಕೊಟ್ಟು, ನನ್ನದಕ್ಕೂ ಹಾಕಿಡಮ್ಮ ಅಂದ್ರು. ಹಾಕಿಟ್ಟಿದ್ದೆ.”

ಮೀಟರಮ್ಮ ಗಿರ್ರನೆ ತಿರುಗಿ ಕಪಾಟಿನ ಕಡೆ ನೋಡಿದರು. “ಎಲ್ಲಿದೆ ಅದು?”

“ಅರ್ಧ ಗಂಟೆ ಆಯ್ತು ತಗೊಂಡು ಹೋಗಿ. ಸಂಜೆಗೆ ಬೇಕೇ ಬೇಕು ಅಂದ್ರು. ನಾನೇ ಗಾಡಿಗೆ ಎತ್ತಿಟ್ಟೆ.”

 ಮೀಟರಮ್ಮ ಮೊಬೈಲು ತೆಗೆದರು. ಬೆರಳು ಎರಡು ಸಲ ತಪ್ಪು ಕಡೆ ಬಿತ್ತು. ಗಂಟೆ ಹೊಡೆಯಿತು. ಒಂದು. ಎರಡು. ಮೂರು. ಎತ್ತಪ್ಪಾ, ಎತ್ತು.

“ಹಲೋ?” ಕಿವಿ ಸಾಹೇಬರ ದನಿ ಹಾಡಿನ ನಡುವಿಂದ ತೇಲಿ ಬಂತು. ಅವರು ಹಾಡನ್ನು ಅಷ್ಟು ಜೋರಾಗಿ ಎಂದೂ ಹಾಕಿದವರಲ್ಲ.

“ಸಾಹೇಬ್ರೇ, ನಾನು! ಪೆಟ್ಟಿಗೆ...”

“ಓ, ನೀವಾ ಅಮ್ಮ? ಒಳ್ಳೇದಾಯ್ತು ಫೋನು ಮಾಡಿದ್ದು. ಆಗ ಸಿಟ್ಟಲ್ಲಿ ಏನೇನೋ ಅಂದುಬಿಟ್ಟೆ, ಮನಸ್ಸಿಗೆ ಹಚ್ಚಿಕೋಬೇಡಿ. ನೀವು ಹೇಳಿದ್ದು ಸರಿ. ನಾಳೆ ಬೆಳಿಗ್ಗೆ ಎಲ್ಲ ಹಸಿರು ತಂತಿನೂ ಕೂಡಿಸಿಬಿಡ್ತೀನಿ. ಉಳಿದವರು ಇನ್ನೂ ಬಂದಿಲ್ಲ, ನಾನೊಬ್ಬನೇ ತಟ್ಟೆ ಹಾಕ್ಕೊಂಡು ಕೂತೆ. ಇವತ್ತೊಂದು ದಿನ, ಅವನಿಗೋಸ್ಕರ...”

“ಪೆಟ್ಟಿಗೆ ಮುಟ್ಟಬೇಡಿ! ಗೋಡೆಯ ಸ್ವಿಚ್ ಆರಿಸಿ! ಕೇಳಿಸ್ತಾ?”

“ಏನಂದ್ರಿ? ಏನೂ ಕೇಳಿಸ್ತಿಲ್ಲ. ತಾಳಿ ತಾಳಿ, ಇದನ್ನು ಸ್ವಲ್ಪ ಕಮ್ಮಿ ಮಾಡ್ತೀನಿ.”

“ಬೇಡ! ಸಾಹೇಬ್ರೇ, ಬೇಡ!”

ಫೋನನ್ನು ಎಲ್ಲೋ ಮರದ ಮೇಲೆ ಇಟ್ಟ ಸದ್ದಾಯಿತು. ಮೀಟರಮ್ಮ ಗಂಟಲು ಹರಿಯುವ ಹಾಗೆ ಕೂಗಿದರು. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ತಮ್ಮನ ಹೆಂಡತಿ ಪೆನ್ನು ಕೈಯಲ್ಲೇ ಹಿಡಿದು ಹತ್ತಿರ ಬಂದಳು.

“ಅಕ್ಕಾ, ಏನಾಯ್ತು? ಏನಂದ್ರು?”

ಮೀಟರಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳುತ್ತಿದ್ದರು. ಒಂದು ನಿಮಿಷವಾಯಿತು, ಎರಡಾಯಿತು. ಆ ಕಡೆ ಹಾಡು ಕಮ್ಮಿಯಾಗಲಿಲ್ಲ.